ಗಿಡ್ಡ ವಾಯರ್, ಉದ್ದ ವಾಯರ್

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ವಿದೇಶ ಪ್ರಯಾಣ. ನನ್ನ ಹಣೆಯಲ್ಲಿ ಬರೆದದ್ದು ಮೋಟರ್‌ಸೈಕಲ್ಲಿನ ರೇಸ್ ವಾಯರ್. ಬಲಗೈಯ ಹಿಡಿ ತಿರುವಿದರೆ ಇಂಜಿನ್ನಿನ ತನಕ ಹೋಗಿ 'ಓಡು' ಎಂದು ಹೇಳುವ ತಂತಿ ಇದೆಯಲ್ಲ, ಅದು. ಕನ್ನಡಿಗರಿಗೂ ಮರಾಠಿಗರಿಗೂ ಬೇರೆ ಯಾವ ವಿಷಯದಲ್ಲಿ ತಕರಾರಿದ್ದರೂ ಈ ತಂತಿಯ ಹೆಸರಿನಲ್ಲಿಲ್ಲ. ಧಾರವಾಡದಲ್ಲೂ ಅದು ರೇಸ್ ವಾಯರ್, ಪುಣೆಯಲ್ಲೂ ರೇಸ್ ವಾಯರ್. ಬೇರೆಯವರ ಗಾಡಿಯಲ್ಲಿ ಅಂಥದ್ದೊಂದು ತಂತಿ ಇರುವುದೇ ಅವರಿಗೆ ಗೊತ್ತಿರುವುದಿಲ್ಲ. ನನ್ನ ಗಾಡಿಯಲ್ಲಿ ಅದನ್ನು ಬಿಟ್ಟು ಬೇರೇನಾದರೂ ಇತ್ತೋ ಎಂಬುದೇ ಈಗ ನೆನಪಿಲ್ಲ. ಗಾಡಿ ನನ್ನ ಬಳಿ ಇದ್ದಷ್ಟು ವರ್ಷವೂ ಒಂದಲ್ಲ ಒಂದು ಆಗುತ್ತಲೇ ಇತ್ತು. ನೋಡಿದವರು ನಕ್ಕರು. ನನಗೆ ನಗು ಬಂದದ್ದು ಕಡಿಮೆ, ಆದರೂ ಹೇಳುತ್ತೇನೆ.

ಹ್ಯಾಂಡಲ್ ಮೇಲೇರಿತು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡ ಬಿಟ್ಟು ಪುಣೆಗೆ ಬಂದು, ಒಂದು ಖಾಸಗಿ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ಗುಮಾಸ್ತನಾಗಿ, ಬಿಬವೇವಾಡಿಯಲ್ಲಿ ಬಾಡಿಗೆ ಮನೆ ಹಿಡಿದು, ಬೆಳಗಾವಿಯ ಹುಡುಗಿಯನ್ನು ಮದುವೆಯಾಗಿ, ನಾಲ್ಕು ಜನರಂತೆ ಮಾನವಾಗಿ ಬದುಕಿದ್ದೆ. ಒಂದೇ ಒಂದು ಹುಚ್ಚು ಉಳಿದಿತ್ತು. ಕಾಲೇಜಿನ ದಿನಗಳಲ್ಲಿ ಧಾರವಾಡದ ಪೇಟೆಯಲ್ಲಿ ಒಬ್ಬ ಆಸಾಮಿ ಎತ್ತರದ ಹ್ಯಾಂಡಲ್ಲಿನ ಗಾಡಿಯ ಮೇಲೆ, ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಒರಗಿದವನಂತೆ ಹಾದು ಹೋಗಿದ್ದ. ಯಾರು, ಎಲ್ಲಿಯವನು, ಒಂದೂ ಗೊತ್ತಿಲ್ಲ. ಆದರೆ ಜೀವನದಲ್ಲಿ ಒಮ್ಮೆ ನಾನೂ ಹಾಗೆ ಹೋಗಬೇಕು ಅಂತ ಅವತ್ತೇ ನಿಶ್ಚಯ ಮಾಡಿಬಿಟ್ಟಿದ್ದೆ.

ಹಳೆಯದೊಂದು ಗಾಡಿ ಕೊಂಡು ನಮ್ಮ ಓಣಿಯ ಕೊನೆಯಲ್ಲಿದ್ದ ಮಿಸ್ತ್ರಿಯ ಕೈಗೆ ಒಪ್ಪಿಸಿದೆ. ಮಿಸ್ತ್ರಿ ಉತ್ಸಾಹಿ ಮನುಷ್ಯ. ಗಾಡಿ ಮರಳಿ ಬಂದಾಗ ಅದರ ಇಂಜಿನ್ ಒಂದರದು, ಕಾರ್ಬೊರೇಟರ್ ಇನ್ನೊಂದರದು, ಪೆಟ್ರೋಲ್ ಟಾಕಿ ಮತ್ತೊಂದರದು ಆಗಿತ್ತು. ಹ್ಯಾಂಡಲ್ ಮಾತ್ರ ಯಾವ ಗಾಡಿಯದೂ ಅಲ್ಲ. ಪೈಪು ಬಗ್ಗಿಸಿ ತಾನೇ ಮಾಡಿದ್ದ. ನಾನು ಅದರ ಮೇಲೆ ಕೂತು ಎರಡೂ ಕೈ ಮೇಲೆತ್ತಿ ಹ್ಯಾಂಡಲ್ ಹಿಡಿದು, ಹೇಗಿದೆ ಎನ್ನುವಂತೆ ಹೆಂಡತಿಯ ಮುಖ ನೋಡಿದೆ.

"ಗಾಡಿ ಹೊಡದಂಗ ಕಾಣವಲ್ದುರಿ," ಎಂದಳು. "ನಿಮ್ಮನ್ನ ಯಾರೋ ಒಣಗ ಹಾಕ್ಯಾರ ಅನ್ನೂಹಂಗ ಕಾಣಸ್ತದ."

ಅವಳಿಗೆ ಬೇಕಾಗಿದ್ದದ್ದು ಸ್ಕೂಟರು. ಪುಣೆಯ ಹೆಂಗಸರೆಲ್ಲ ಮುಖಕ್ಕೆ ಓಢಣಿ ಸುತ್ತಿಕೊಂಡು ಸುಂಯ್ ಅಂತ ಸ್ಕೂಟರಿನ ಮೇಲೆ ಹೋಗುವುದನ್ನು ಅವಳು ಗ್ಯಾಲರಿಯಲ್ಲಿ ನಿಂತು ದಿನಾ ನೋಡುತ್ತಿದ್ದಳು. ಇಬ್ಬರಿಗೂ ಸಾಕಷ್ಟು ವಾದವಾಗಿ ಕೊನೆಗೆ ಒಂದು ಕರಾರಿಗೆ ಬಂದೆವು. ಪುಣೆಯಾಚೆ ಘಾಟು ದಾಟಿದರೆ ಸಿಗುವ ಭೋರ್ ಎಂಬ ಊರಿನಲ್ಲಿ ಅವಳ ಮೌಶಿ, ಅಂದರೆ ಚಿಕ್ಕಮ್ಮ, ಇದ್ದರು.

"ಒಂದ ಸಲಾ ನನ್ನ ಹಿಂದ ಕೂಡಿಸ್ಕೊಂಡು, ನಡುವ ಎಲ್ಲೂ ಕೆಡದಂಗ ಭೋರ್‌ಗೆ ಮುಟ್ಟಸ್ರಿ. ಮುಟ್ಟಿಸಿದ್ರ ಈ ಗಾಡಿ ನಿಮಗಿರ್ಲಿ, ನಾ ಮುಂದ ಬಾಯಿ ತಗಿಯೂದಿಲ್ಲ. ಇಲ್ಲಾಂದ್ರ ಮಾರಿ ಸ್ಕೂಟರ್ ತರೂದು."

ಒಪ್ಪಿಬಿಟ್ಟೆ. ಭೋರ್ ಏನು ಮಹಾ ದೂರ? ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆಂಬ ಭ್ರಮೆ ಆಗ ನನಗಿನ್ನೂ ಇತ್ತು.

ಲಾಡಿಯ ಅಳತೆ

ಹ್ಯಾಂಡಲ್ ಮೇಲೇರಿದ್ದರಿಂದ ಅದಕ್ಕೆ ಹೋಗುವ ವಾಯರುಗಳೆಲ್ಲ ಗಿಡ್ಡವಾದವು. ಕ್ಲಚ್ಚಿನದು, ಬ್ರೇಕಿನದು ಮಿಸ್ತ್ರಿ ಹೇಗೋ ಜೋಡಿಸಿದ. ರೇಸ್ ವಾಯರ್ ಮಾತ್ರ ಅವನ ಹತ್ತಿರ ಇರಲಿಲ್ಲ. "ಮಾಪ ಘ್ಯಾ, ಪೇಠೇತ ಜಾ," ಎಂದ. ಅಳತೆ ತಗೋ, ಪೇಟೆಗೆ ಹೋಗು.

ಅಳೆಯಲು ಟೇಪು ಎಲ್ಲಿಂದ ತರಲಿ? ಗ್ಯಾಲರಿಯ ಹಗ್ಗದ ಮೇಲೆ ಹೆಂಡತಿಯ ಲಂಗ ಒಣಗುತ್ತಿತ್ತು. ಅದರ ಲಾಡಿ ಎಳೆದುಕೊಂಡೆ. ಹಿಡಿಯಿಂದ ಶುರು ಮಾಡಿ, ಹೆಡ್‌ಲೈಟಿನ ಪಕ್ಕದಿಂದ ಇಳಿಸಿ, ಟಾಕಿಯ ಕೆಳಗೆ ನುಗ್ಗಿಸಿ ಕಾರ್ಬೊರೇಟರ್ ಮುಟ್ಟಿಸಿ, ಅಲ್ಲೊಂದು ಗಂಟು ಹಾಕಿ ಜೇಬಿಗಿಟ್ಟುಕೊಂಡೆ.

ನಾನಾ ಪೇಠೆಯ ಬಿಡಿಭಾಗದ ಅಂಗಡಿಯಲ್ಲಿ ಮಾಲೀಕರು ಪೇಪರ್ ಓದುತ್ತಿದ್ದರು. ತಲೆಯ ಮೇಲೆ ಒಂದು ಫಲಕ: ಮಾರಿದ ಮಾಲು ವಾಪಸು ಪಡೆಯುವುದಿಲ್ಲ. ಅದರ ಕೆಳಗೆ ಇನ್ನೊಂದು: ಏಕೆ ಎಂದು ಕೇಳಬಾರದು.

"ಕುಠಲೀ ಗಾಡೀ?" ಪೇಪರಿನಿಂದ ಕಣ್ಣೆತ್ತದೆ ಕೇಳಿದರು. ಯಾವ ಗಾಡಿ?

ನಾನು ನನ್ನ ಮರಾಠಿಯಲ್ಲಿ ವಿವರಿಸತೊಡಗಿದೆ. ಇಂಜಿನ್ ಇಂಥದ್ದು, ಕಾರ್ಬೊರೇಟರ್ ಇಂಥದ್ದು, ಟಾಕಿ ಇಂಥದ್ದು, ಹ್ಯಾಂಡಲ್ ಮನೆಯಲ್ಲೇ ಮಾಡಿದ್ದು.

"ಮೀ ಗಾಡೀ ವಿಚಾರಲೀ," ಎಂದರು ಅವರು. "ವಂಶಾವಳ ನಾಹೀ." ಗಾಡಿ ಯಾವುದೆಂದು ಕೇಳಿದೆ, ವಂಶಾವಳಿ ಕೇಳಲಿಲ್ಲ.

ಮಾತು ಬೆಳೆಸುವುದರಲ್ಲಿ ಅರ್ಥವಿಲ್ಲವೆಂದು ಜೇಬಿನಿಂದ ಲಾಡಿ ತೆಗೆದು ಗಲ್ಲೆಯ ಮೇಲಿಟ್ಟೆ. ಅವರು ಅದನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದರು. ಹಿಂದೆ ನಿಂತ ಗಿರಾಕಿಗಳೂ ನೋಡಿದರು. ಅಳತೆ ಎಂದೆ. ಅವರು ಲಾಡಿಯನ್ನು ಎಳೆದು ಹಿಡಿದರು, ಒಂದು ಗೇಣು ಉದ್ದವಾಯಿತು. ಬಿಟ್ಟರು, ಮತ್ತೆ ಗಿಡ್ಡವಾಯಿತು. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತ ಬಹಳ ಗಂಭೀರವಾಗಿ ಕೇಳಿದರು: "ಹೇ ಜೇವಣಾಆಧೀಚಂ ಮಾಪ, ಕೀ ಜೇವಣಾನಂತರಚಂ?"

ಊಟಕ್ಕೆ ಮುಂಚಿನ ಅಳತೆಯೋ, ಊಟದ ನಂತರದ್ದೋ! ಅಂಗಡಿಯೆಲ್ಲ ನಕ್ಕಿತು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಊಟದ ಹೊತ್ತಾಯಿತು, ಶಟರ್ ಅರ್ಧ ಇಳಿಯಿತು. ನಾಲ್ಕಕ್ಕೆ ಬರಬೇಕಂತೆ.

ಮನೆಗೆ ಬಂದರೆ ಹೆಂಡತಿ ಲಂಗ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಮನೆಯ ಅರಿಶಿನ ಕುಂಕುಮಕ್ಕೆ ಹೋಗಬೇಕಿತ್ತು. ಲಾಡಿ ಅವಳ ವಶವಾಯಿತು. ನಾಲ್ಕಕ್ಕೆ ನಾನು ಬರಿಗೈಯಲ್ಲಿ ಹೋಗಿ, ಎರಡೂ ಕೈ ಅಗಲಿಸಿ ಅಂದಾಜು ತೋರಿಸಿ ಒಂದು ವಾಯರ್ ತಂದೆ. ಮಿಸ್ತ್ರಿ ಹಚ್ಚಿ ನೋಡಿದರೆ ಒಂದು ಗೇಣು ಗಿಡ್ಡ. ವಾಪಸು ಕೊಡುವಂತಿಲ್ಲ, ಏಕೆ ಎಂದು ಕೇಳುವಂತೆಯೂ ಇಲ್ಲ. ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತೆ. ಅರಿಶಿನ ಕುಂಕುಮ ಮುಗಿಸಿ ಬಂದ ಹೆಂಡತಿ ವಾಯರನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಇದರಕಿಂತಾ ನನ್ನ ಲಾಡೀನ ಕಟ್ಟಿದ್ರ ಬರೋಬರಿ ಆಗ್ತಿತ್ತಲ್ರಿ."

ಬಲಕ್ಕೆ ಮಾತ್ರ

ಮಿಸ್ತ್ರಿ ಸೋಲೊಪ್ಪುವವನಲ್ಲ. ಗಿಡ್ಡ ವಾಯರನ್ನೇ ಜಗ್ಗಿ, ಎಳೆದು, ಉಸಿರು ಬಿಗಿಹಿಡಿದು ಕೂರಿಸಿಬಿಟ್ಟ. ನೆಟ್ಟಗೆ ಹೋಗುವಾಗ ಏನೂ ತೊಂದರೆಯಿಲ್ಲ. ಬಲಕ್ಕೆ ತಿರುಗಿದರೂ ತೊಂದರೆಯಿಲ್ಲ. ಎಡಕ್ಕೆ ತಿರುಗಿದರೆ ಮಾತ್ರ ಹ್ಯಾಂಡಲ್ಲಿನ ಬಲಗಡೆ ಮುಂದೆ ಹೋಗಿ, ವಾಯರ್ ತಾನೇ ಎಳೆದುಕೊಂಡು, ನಾನು ಹಿಡಿ ತಿರುವದಿದ್ದರೂ ಇಂಜಿನ್ ಪೂರ್ತಿ ಕೂಗಿ ಗಾಡಿ ಜಿಗಿಯುತ್ತಿತ್ತು. ಮಿಸ್ತ್ರಿಗೆ ಹೇಳಿದೆ. ಅವನು ಬೀಡಿ ಹಚ್ಚುತ್ತ, "ಡಾವೀಕಡೇ ಜಾತಾಚ ಕಶಾಲಾ?" ಎಂದ. ಎಡಕ್ಕೆ ಹೋಗುವುದಾದರೂ ಯಾಕೆ?

ಯೋಚಿಸಿ ನೋಡಿದರೆ ಅವನ ಮಾತಿನಲ್ಲೂ ಹುರುಳಿತ್ತು. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಎಡ ಸಿಕ್ಕೇ ಸಿಗುತ್ತದೆ. ನಾನು ಆಫೀಸಿಗೆ ಬಲಗಡೆಯ ದಾರಿಗಳನ್ನೇ ಹುಡುಕಿಕೊಂಡೆ. ಮನೆಯಿಂದ ಸ್ವಲ್ಪ ಬೇಗ ಹೊರಡಬೇಕಾಗುತ್ತಿತ್ತು, ಅಷ್ಟೇ. ಪುಣೆಯ ಯಾವ ಯಾವ ಓಣಿ ಎಲ್ಲಿ ಕೂಡುತ್ತದೆ ಎಂಬುದು ಅಲ್ಲಿ ಹುಟ್ಟಿ ಬೆಳೆದವರಿಗಿಂತ ನನಗೇ ಚೆನ್ನಾಗಿ ತಿಳಿಯಿತು.

ಒಂದು ಸಂಜೆ ಅಕೌಂಟ್ಸ್ ವಿಭಾಗದ ಗೆಳೆಯ ಹಿಂದೆ ಕೂತ. ಹುಬ್ಬಳ್ಳಿಯವನು, ಸಂಕೋಚದ ಪ್ರಾಣಿ. ಅವನ ಮನೆ ಚೌಕದ ಎಡಕ್ಕೆ, ಎದುರಿಗೇ ಕಾಣುತ್ತಿತ್ತು. ನಾನು ರೂಢಿಯಂತೆ ನೇರ ಮುಂದೆ ಹೋಗಿ ಬಲಕ್ಕೆ ತಿರುಗಿದೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ. ಅವತ್ತು ಒಂದು ಓಣಿಯಲ್ಲಿ ಗಣಪತಿಯ ಮಂಟಪ ಹಾಕಿ ದಾರಿ ಕಟ್ಟಿದ್ದರು. ಹೀಗಾಗಿ ಸುತ್ತಿ ಸುತ್ತಿ ಅದೇ ಚೌಕಕ್ಕೇ ಬಂದೆವು. ಇನ್ನೊಮ್ಮೆ ಸುತ್ತಿದೆವು. ಮತ್ತೆ ಅದೇ ಚೌಕ.

"ಸರ, ನನ್ನ ಮನೀ ಹಿಂದ ಹೋತ್ರಿ," ಎಂದು ಗೆಳೆಯ ಪ್ರತಿ ಸುತ್ತಿಗೂ ಮೆಲ್ಲಗೆ ಹೇಳುತ್ತಿದ್ದ.

"ಗೊತ್ತದಪಾ, ಅಲ್ಲಿಗೇ ಹೊಂಟೀನಿ," ಎಂದು ನಾನು ಸಮಾಧಾನ ಮಾಡುತ್ತಿದ್ದೆ.

ಚೌಕದಲ್ಲಿ ನಿಂತಿದ್ದ ಟ್ರಾಫಿಕ್ ಹವಾಲ್ದಾರ್ ಕೈ ಅಡ್ಡ ಹಾಕಿ ನಿಲ್ಲಿಸಿದ. "ಕಾಯ ಸಾಹೇಬ, ಕಾಹೀ ಹರವಲಂಯ ಕಾ?" ಏನಾದರೂ ಕಳೆದುಕೊಂಡಿದ್ದೀರಾ?

"ಘರ," ಎಂದ ಹಿಂದೆ ಕೂತ ಗೆಳೆಯ. ಮನೆ.

ಮನೆ ಯಾವುದೆಂದು ಹವಾಲ್ದಾರ್ ಕೇಳಿದ. ಗೆಳೆಯ ಬೆರಳು ತೋರಿಸಿದ. ಎಡಕ್ಕೆ, ಉಗುಳಿದರೆ ಬೀಳುವಷ್ಟು ಹತ್ತಿರ. ಹಾಗಾದರೆ ತಿರುಗಿಸಿ ಎಂದ ಹವಾಲ್ದಾರ್. ಎಡಕ್ಕೆ ಆಗುವುದಿಲ್ಲ ಎಂದೆ. ಗಾಡಿಗೆ ಎಡಕ್ಕೆ ಆಗದಿರುವಂಥದ್ದು ಏನಿದೆ ಎಂದು ಅವನಿಗೆ ಸಿಟ್ಟು ಬಂತು. ಅವನ ಕಣ್ಣೆದುರಿಗೇ ತಿರುಗಿಸಬೇಕೆಂದು ಹಟ ಹಿಡಿದ. ಕಾನೂನಿನ ಮಾತು, ಮೀರುವಂತಿರಲಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ.

ಆಮೇಲೆ ನಾನು ಮಾಡಿದ್ದು ಏನೂ ಇಲ್ಲ, ಎಲ್ಲವನ್ನೂ ಗಾಡಿಯೇ ಮಾಡಿತು. ಕೂಗಿಕೊಂಡು ಗೆಳೆಯನ ಮನೆಯನ್ನು ದಾಟಿ, ಅದರಾಚೆಯ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಒಟ್ಟಿದ್ದ ಕಬ್ಬಿನ ರಾಶಿಗೆ ಹೋಗಿ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಗೆಳೆಯ ಕಬ್ಬಿನ ರಾಶಿಯ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹವಾಲ್ದಾರ್ ಓಡಿ ಬಂದ. ಬೈಯುತ್ತಾನೆ, ಠಾಣೆಗೆ ನಡಿ ಎನ್ನುತ್ತಾನೆ ಎಂದು ಕಾದೆ. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. ಚೌಕಕ್ಕೆ ಹಿಂತಿರುಗಿ, ನಾಲ್ಕೂ ಕಡೆಯ ವಾಹನಗಳನ್ನು ತಡೆದು ನಿಲ್ಲಿಸಿ, ನನ್ನ ಕಡೆ ನೋಡಿ ಬಹಳ ಮರ್ಯಾದೆಯಿಂದ ಕೈ ಬೀಸಿದ.

"ಉಜವೀಕಡೇ ಜಾ ಸಾಹೇಬ. ಕಧೀಹೀ ಜಾ. ಸಿಗ್ನಲ್ ಬಘೂ ನಕಾ." ಬಲಕ್ಕೇ ಹೋಗಿ. ಯಾವಾಗ ಬೇಕಾದರೂ ಹೋಗಿ. ಸಿಗ್ನಲ್ ನೋಡಲೇಬೇಡಿ.

ಸಾಸವಡಕ್ಕೆ ಟ್ರಯಲ್

ಮತ್ತೆ ನಾನಾ ಪೇಠೆ. "ಆಖೂಡ ಪಡಲೀ ನಾ?" ಎಂದು ಮಾಲೀಕರು ನನ್ನ ಗುರುತು ಹಿಡಿದು ಕೇಳಿದರು. ಗಿಡ್ಡವಾಯಿತಲ್ಲವೇ? ಈ ಸಲ ಒಳಗಿನಿಂದ ಧೂಳು ಹಿಡಿದ ಒಂದು ವಾಯರ್ ತಂದು ಕೊಟ್ಟರು. ಅದು ಯಾವುದೋ ಸರಕು ಸಾಗಿಸುವ ಮೂರು ಚಕ್ರದ ಗಾಡಿಯದಂತೆ. ಎಷ್ಟು ಉದ್ದವಿತ್ತೆಂದರೆ ಮಿಸ್ತ್ರಿ ಅದನ್ನು ಹೆಡ್‌ಲೈಟಿಗೆ ಎರಡು ಸುತ್ತು ಸುತ್ತಿ, ಇನ್ನೂ ಉಳಿದದ್ದನ್ನು ಟಾಕಿಯ ಪಕ್ಕದಲ್ಲಿ ಕುಣಿಕೆಯಂತೆ ಇಳಿಬಿಟ್ಟ.

ಈಗ ಎಡ ಬಲ ಎರಡಕ್ಕೂ ಗಾಡಿ ತಿರುಗಿತು. ಆದರೆ ಅಷ್ಟು ಸುತ್ತು ಬಳಸಿ ಹೋಗುವ ವಾಯರಿನಲ್ಲಿ ನನ್ನ ಮಾತು ಇಂಜಿನ್ನಿಗೆ ಮುಟ್ಟುವುದು ತಡವಾಗುತ್ತಿತ್ತು. ಸರಕಾರಿ ಕಚೇರಿಗೆ ಅರ್ಜಿ ಕೊಟ್ಟ ಹಾಗೆ. ಟ್ರಯಲ್ ನೋಡಲೆಂದು ಒಬ್ಬನೇ ಪುಣೆಯ ಹತ್ತಿರದ ಸಾಸವಡಕ್ಕೆ ಹೋದೆ. ಸೇತುವೆಯ ಹತ್ತಿರ ರೇಸ್ ಕೊಟ್ಟರೆ ಗಾಡಿ ಗುಡಿಯ ಹತ್ತಿರ ವೇಗ ಹಿಡಿಯಿತು. ಗುಡಿಯ ಹತ್ತಿರ ಬಿಟ್ಟರೆ ಪೇಟೆಯ ಕೊನೆಗೆ ಹೋಗಿ ತಣ್ಣಗಾಯಿತು.

ಬಸ್ ಸ್ಟ್ಯಾಂಡಿನ ಮುಂದೆ ನಮ್ಮ ಆಫೀಸಿನ ಸಾಹೇಬರು ನಿಂತಿದ್ದರು. ಸಾಸವಡ ಅವರ ಹೆಂಡತಿಯ ಊರು. ನನ್ನನ್ನು ಕಂಡು ಖುಷಿಯಿಂದ ಕೈ ಎತ್ತಿದರು. ನಾನು ರೇಸ್ ಬಿಟ್ಟು ಬ್ರೇಕ್ ಒತ್ತಿದೆ. ಗಾಡಿ ಬಹಳ ಮುಂದೆ ಹೋಗಿ ನಿಂತಿತು. ಸಾಹೇಬರು ಬ್ಯಾಗು ಹಿಡಿದು ಓಡಿ ಬಂದು ಇನ್ನೇನು ಸೀಟಿಗೆ ಕಾಲು ಹಾಕಬೇಕು, ಎಲ್ಲೋ ಸಿಕ್ಕಿಕೊಂಡಿದ್ದ ರೇಸ್ ಆಗ ಇಂಜಿನ್ ಮುಟ್ಟಿತು. ಗಾಡಿ ಹೊರಟಿತು. ಮುಂದೆ ಹೋಗಿ ಮತ್ತೆ ನಿಲ್ಲಿಸಿದೆ. ಅವರು ಮತ್ತೆ ಓಡಿ ಬಂದರು. ಮತ್ತೆ ಹೊರಟಿತು. ಹೀಗೆಯೇ ಅವರು ಅರ್ಧ ಊರು ದಾಟಿದರು. ನಾನು ಹಿಂತಿರುಗಿ ಕ್ಷಮೆ ಕೇಳುತ್ತಿದ್ದುದು ಅವರಿಗೆ ಅಣಕಿಸಿದಂತೆ ಕಂಡಿತಂತೆ.

ಆ ವರ್ಷ ನನ್ನ ಬಡ್ತಿಯ ಕಡತ ಕೂಡ ಹಾಗೆಯೇ, ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಮುಂದೆ ಹೋಯಿತು.

ಖಂಡೇನವಮಿ

ದಸರೆಗೆ ಬೆಳಗಾವಿಯಿಂದ ಅತ್ತೆಯವರು ಬಂದರು. ಖಂಡೇನವಮಿಯ ದಿನ ಗಾಡಿಯ ಪೂಜೆ ತಮ್ಮ ಕೈಯಿಂದಲೇ ಆಗಬೇಕೆಂದರು. ಈ ಗಾಡಿಗೆ ದೇವರ ದಯೆಯ ಅಗತ್ಯ ಎಷ್ಟಿದೆ ಎಂಬುದು ನನಗಿಂತ ಯಾರಿಗೆ ಗೊತ್ತು? ತೊಳೆದು ಒರೆಸಿ ನಿಲ್ಲಿಸಿದೆ.

ಅತ್ತೆಯವರು ಅರಿಶಿನ ಕುಂಕುಮ ಹಚ್ಚಿದರು, ಚಕ್ರಕ್ಕೆ ಲಿಂಬೆಹಣ್ಣು ಇಟ್ಟರು. ಚೆಂಡುಹೂವಿನ ಹಾರ ಹಾಕಲು ಹ್ಯಾಂಡಲ್ ಅವರಿಗೆ ನಿಲುಕಲಿಲ್ಲ. ಆದರೆ ಟಾಕಿಯ ಪಕ್ಕದಲ್ಲಿ ವಾಯರಿನ ಕುಣಿಕೆ ಕೈಗೆ ಸಿಗುವಂತೆ ಜೋತಾಡುತ್ತಿತ್ತು.

"ಹಾರಾ ಕಟ್ಟಲಿಕ್ಕೆ ಭಾಳ ಛಲೋ ವ್ಯವಸ್ಥಾ ಮಾಡಿಸೀರಿ ಅಳಿಯಾಂದ್ರ," ಎಂದು ಮೆಚ್ಚಿದರು. ಹಾರ ದಾರಿಯಲ್ಲಿ ಬಿದ್ದರೆ ಅಪಶಕುನ. ಆದ್ದರಿಂದ ಅದನ್ನು ಕುಣಿಕೆಗೆ ಬಿಗಿಯಾಗಿ ಸುತ್ತಿ, ಎಳೆದು, ಇನ್ನೊಂದು ತುದಿಯನ್ನು ಹೆಡ್‌ಲೈಟಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದರು. "ಈಗ ಚಾಲೂ ಮಾಡ್ರಿ."

ಕಿಕ್ ಹೊಡೆದೆ. ಎಳೆದು ಕಟ್ಟಿದ ವಾಯರಿನಿಂದ ರೇಸ್ ಪೂರ್ತಿ ಏರಿದ್ದು ನನಗೆ ಹೇಗೆ ಗೊತ್ತಾಗಬೇಕು? ಇಂಜಿನ್ ಒಮ್ಮೆಲೇ ಕಿರುಚಿಕೊಂಡಿತು. ಗಾಡಿ ಸ್ಟ್ಯಾಂಡಿನ ಮೇಲೆಯೇ ಕುಣಿಯತೊಡಗಿತು. ಬೀಗದ ಕೈ ಇದ್ದದ್ದು ಹೆಡ್‌ಲೈಟಿನ ಮೇಲೆ, ಹೂವಿನ ರಾಶಿಯ ಕೆಳಗೆ. ಹೂವಿಗೆ ಕೈ ಹಾಕಿದೆ. ಅತ್ತೆಯವರು ಗಟ್ಟಿಯಾಗಿ ನನ್ನ ಮುಂಗೈ ಹಿಡಿದರು.

"ಪೂಜಾದ ಹೂವಾ ಇವತ್ತ ತಗೀಬಾರ್ದರಿ!"

"ಅತ್ತೀ, ವಾಯರ್ ರೀ, ವಾಯರ್!" ಎಂದು ಕೂಗಿದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಕೊನೆಗೆ ಬಗ್ಗಿ ಪೆಟ್ರೋಲಿನ ನಳ ಬಂದ್ ಮಾಡಿದೆ. ಒಳಗಿದ್ದ ಪೆಟ್ರೋಲ್ ತೀರುವ ತನಕ ಕಾಯದೆ ಬೇರೆ ಗತಿಯಿರಲಿಲ್ಲ. ಅಷ್ಟರಲ್ಲಿ ಇಡೀ ಕಟ್ಟಡದವರು ಕೆಳಗಿಳಿದು ಬಂದಿದ್ದರು. ಅತ್ತೆಯವರು ಒಂದಿಷ್ಟೂ ವಿಚಲಿತರಾಗದೆ ಗಂಟೆ ಬಾರಿಸುತ್ತ ಆರತಿ ಎತ್ತಿದರು. ಅವರನ್ನು ನೋಡಿ ಬಂದವರೂ ಚಪ್ಪಾಳೆ ತಟ್ಟತೊಡಗಿದರು. ಆರತಿ ಮುಗಿದು ತಟ್ಟೆ ಕೆಳಗಿಡುವುದಕ್ಕೂ ಪೆಟ್ರೋಲ್ ತೀರಿ ಇಂಜಿನ್ ನಿಲ್ಲುವುದಕ್ಕೂ ಸರಿಹೋಯಿತು.

"ನೋಡ್ರಿ, ಆರತಿ ಆದಕೂಡ್ಲೆ ಶಾಂತ ಆತು," ಎಂದರು ಅತ್ತೆಯವರು.

ಕೆಳಗಿನ ಮನೆಯ ಮರಾಠಿ ಹೆಂಗಸು ಮುಂದೆ ಬಂದು ಅವರ ಕಾಲಿಗೆ ಬಿದ್ದಳು. "ಆಜೀ, ಆಮಚ್ಯಾ ಸ್ಕೂಟರಚೀ ಪಣ ಪೂಜಾ ಕರಾ ನಾ." ಅಜ್ಜೀ, ನಮ್ಮ ಸ್ಕೂಟರಿನ ಪೂಜೆಯನ್ನೂ ಮಾಡಿ. ನೋಡುತ್ತಿದ್ದಂತೆ ಕಟ್ಟಡದ ಅಷ್ಟೂ ಸ್ಕೂಟರುಗಳು ಅತ್ತೆಯವರ ಮುಂದೆ ಸಾಲಾಗಿ ನಿಂತವು. ಪೂಜೆ ಮಾಡಿಸಿಕೊಂಡು ಒಂದೊಂದೇ ನಗುನಗುತ್ತ ಹೊರಟವು. ನನ್ನ ಗಾಡಿಯ ಹಾರ ಬಿಚ್ಚುವಂತಿರಲಿಲ್ಲ. ಸಂಜೆ ಅತ್ತೆಯವರನ್ನು ದೇವಿಯ ದರ್ಶನಕ್ಕೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆ.

ಭೋರ್‌ಗೆ ಮುಟ್ಟಿದ್ದು

ಇಷ್ಟೆಲ್ಲ ಆದ ಮೇಲೆ ಹುಚ್ಚು ಬಿಟ್ಟುಹೋಯಿತು ಎಂದುಕೊಂಡಿರಾ? ಇಲ್ಲ. ಭೋರಿನ ಮೌಶಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡರು. ಹೋಳಿಗೆ ಲಟ್ಟಿಸುವ ಜವಾಬ್ದಾರಿ ನನ್ನ ಹೆಂಡತಿಯದು. ನಮ್ಮ ಕಡೆ ಅವಳ ಹೋಳಿಗೆಗೆ ಹೆಸರಿದೆ, ಕಾಗದದಷ್ಟು ತೆಳ್ಳಗೆ ಮಾಡುತ್ತಾಳೆ. ಆದರೆ ಬೇರೆಯವರ ಲಟ್ಟಣಿಗೆ ಅವಳ ಕೈಗೆ ಹೊಂದುವುದಿಲ್ಲ. ಎಲ್ಲಿಗೆ ಹೋದರೂ ತನ್ನದನ್ನೇ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ.

"ಕರಾರು ನೆನಪದ ಅಲ್ರಿ?" ಎಂದಳು ಹಿಂದೆ ಕೂರುತ್ತ.

ನೆನಪಿಲ್ಲದೆ ಏನು? ಕಾತ್ರಜ ಘಾಟು ಹತ್ತಿ ಇಳಿದೆವು. ಗಾಡಿ ಸೀನಲಿಲ್ಲ, ಕೆಮ್ಮಲಿಲ್ಲ. ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ, ಎದೆಗೆ ಗಾಳಿ ಕೊಟ್ಟು ಹೋಗುವಾಗ ಧಾರವಾಡದ ಆ ಆಸಾಮಿ ಎದುರಿಗೆ ಬಂದಿದ್ದರೆ ನಾನೇ ಮೊದಲು ನಮಸ್ಕಾರ ಮಾಡುತ್ತಿದ್ದೆ. ಹೆದ್ದಾರಿ ಬಿಟ್ಟು ಭೋರಿನ ರಸ್ತೆಗೆ ತಿರುಗಿದೆವು. ಗೆದ್ದೆ ಎಂದುಕೊಂಡು ರೇಸ್ ಕೊಟ್ಟೆ. ಹಿಡಿಯ ಒಳಗೆ 'ಟಪ್' ಎಂದಿತು. ಹಿಡಿ ಬರಿದೇ ಗರಗರ ತಿರುಗಿತು. ಗಾಡಿ ಮೆಲ್ಲಗೆ ಬದಿಗೆ ಬಂದು ನಿಂತಿತು.

ರೇಸ್ ವಾಯರ್ ಹಿಡಿಯ ಹತ್ತಿರವೇ ಹರಿದಿತ್ತು. ಸುತ್ತ ಭತ್ತದ ಗದ್ದೆ. ಮನೆಯಿಲ್ಲ, ಮಿಸ್ತ್ರಿಯಿಲ್ಲ. ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷದ ಆಸೆ ಇಲ್ಲಿಗೆ ಮುಗಿಯಿತು.

"ನೀ ಗೆದ್ದಿ," ಎಂದೆ. "ನಾಳೆನ ಮಾರಿಬಿಡ್ತೀನಿ."

"ನಾಳೆ ಮಾತು ನಾಳೆ. ಅಲ್ಲಿ ಹೂರಣಾ ರುಬ್ಬಿಟ್ಟು ನನ್ನ ದಾರಿ ಕಾಯಾಕತ್ತಾರ," ಎಂದಳು. ಗಾಡಿಯ ಹತ್ತಿರ ಹೋಗಿ ಜೋತುಬಿದ್ದ ವಾಯರನ್ನು ನೋಡಿದಳು. "ಇದನ್ನ ಜಗ್ಗಿದ್ರ ಏನಾಗ್ತದರಿ?"

"ರೇಸ್ ಆಗ್ತದ. ಆದ್ರ ನನಗ ಎಲ್ಲಿ ಕೈ ಅವ? ಒಂದು ಕ್ಲಚ್ಚಿಗೆ, ಒಂದು ಬ್ರೇಕಿಗೆ."

"ನನಗವ ಅಲ್ಲ?"

ಹೆಡ್‌ಲೈಟಿನ ಸುತ್ತುಗಳನ್ನು ಬಿಚ್ಚಿದಳು. ಮೂರು ಚಕ್ರದ ಗಾಡಿಯ ವಾಯರ್ ನನ್ನ ಪಕ್ಕದಿಂದ ಹಾದು ಹಿಂದಿನ ಸೀಟಿನ ತನಕ ಸಲೀಸಾಗಿ ಬಂತು. ಹೊರಗಿನ ಕವಚವನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದಳು. ಒಳಗಿನ ತಂತಿ ಬೆರಳು ಕೊಯ್ಯುತ್ತಿತ್ತು. ಚೀಲದಿಂದ ಲಟ್ಟಣಿಗೆ ತೆಗೆದು ತಂತಿಯ ತುದಿಯನ್ನು ಅದಕ್ಕೆ ಸುತ್ತಿಕೊಂಡಳು.

"ಹೂಂ, ನಡೀರಿ."

"ಸಾವಕಾಶ ಎಳಿ. ಒಮ್ಮೆಲೆ ಅಲ್ಲ."

"ಹೋಳಿಗಿ ಲಟ್ಟಿಸಿದಂಗ ಏನ್ರಿ? ಹರೀಬಾರ್ದು, ದಪ್ಪನೂ ಆಗಬಾರ್ದು."

"ಹಾಂ, ಹಂಗ!"

ನನ್ನ ಕೈಯಲ್ಲಿ ಆ ಗಾಡಿ ಎಂದೂ ಅಷ್ಟು ಮೆತ್ತಗೆ ಹೊರಟಿರಲಿಲ್ಲ. ಗೇರ್ ಹಾಕುವಾಗ "ಬಿಡು" ಎನ್ನುತ್ತಿದ್ದೆ, ಹಾಕಿದ ಮೇಲೆ "ಎಳಿ" ಎನ್ನುತ್ತಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ಹೇಳುವುದು ಬೇಕಾಗಲಿಲ್ಲ. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ಹೇಳಿದ್ದನ್ನು ಅವಳು ಕೇಳಲೂ ಇಲ್ಲ. ಮುಂದೆ ಒಂದು ಕೆಂಪು ಬಸ್ಸು ಹೋಗುತ್ತಿತ್ತು.

"ಬಿಡು, ಬಸ್ ಅದ."

"ಕಾಣಸ್ತದರಿ. ಬಾಜೂಕ ತಗೋರಿ," ಎಂದು ಇನ್ನೂ ಎಳೆದಳು. ನಾನು ಕಣ್ಣು ಮುಚ್ಚಿದೆ. ತೆಗೆದಾಗ ಬಸ್ಸು ಹಿಂದಿತ್ತು, ಹಿಂದಿನ ಸೀಟಿನಲ್ಲಿ ಹೆಂಡತಿ ಮದುವೆಯಾದಾಗಿನಿಂದ ನಾನು ಕೇಳದಷ್ಟು ಜೋರಾಗಿ ನಗುತ್ತಿದ್ದಳು.

ಭೋರಿನ ಪೇಟೆಯಲ್ಲಿ ಸಂತೆಯ ಗದ್ದಲ. ಜನ ಕಂಡದ್ದೇನು? ಮುಂದೆ ಎರಡೂ ಕೈ ಮೇಲೆತ್ತಿ ಬಿಳುಚಿಕೊಂಡು ಕೂತ ಗಂಡ, ಅವನ ಬೆನ್ನ ಹಿಂದೆ ಲಟ್ಟಣಿಗೆ ಹಿಡಿದು "ನಡೀರಿ, ನಡೀರಿ!" ಎಂದು ಕೂಗುವ ಹೆಂಡತಿ. ವಾಯರ್ ಯಾರ ಕಣ್ಣಿಗೂ ಬೀಳಲಿಲ್ಲ. ಹೆಂಗಸರು ನಿಂತು ಮೆಚ್ಚುಗೆಯಿಂದ ನೋಡಿದರು. ಗಂಡಸರು ದಾರಿ ಬಿಟ್ಟುಕೊಟ್ಟರು. ಪಾನ್ ಅಂಗಡಿಯವನು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು, "ಸಾಂಭಾಳೂನ ರಹಾ, ಭಾವೂ," ಎಂದ. ಜೋಪಾನವಾಗಿರು, ತಮ್ಮಾ.

ಮೌಶಿ ಬಾಗಿಲಿಗೆ ಬಂದರು. "ಬರ್ರಿ ಅಳಿಯಾಂದ್ರ! ಗಾಡಿ ಮ್ಯಾಲೆ ಬಂದ್ರೇನು?"

"ಗಾಡಿ ನಾ ಹೊಡ್ಕೊಂಡ್ ಬಂದೆ ಮೌಶಿ," ಎಂದಳು ಹೆಂಡತಿ ಲಟ್ಟಣಿಗೆಯಿಂದ ತಂತಿ ಬಿಚ್ಚುತ್ತ. "ಇವ್ರು ಮುಂದ ಸುಮ್ನ ಹ್ಯಾಂಡಲ್ ಹಿಡ್ಕೊಂಡ್ ಕೂತಿದ್ರು."

ಅವತ್ತಿನ ಹೋಳಿಗೆಯನ್ನು ಎಲ್ಲರೂ ಹೊಗಳಿದರು. ನನಗೆ ಒಂದೂ ಗಂಟಲಲ್ಲಿ ಇಳಿಯಲಿಲ್ಲ. ಮರಳಿ ಪುಣೆಗೂ ಅವಳೇ ಹೊಡೆದುಕೊಂಡು ಬಂದಳು. ಆಮೇಲೆ ಹೊಸ ವಾಯರ್ ತರುತ್ತೇನೆಂದರೆ, "ಬ್ಯಾಡ್ರಿ, ಹಿಂಗ ಛಲೋ ಅದ," ಎಂದಳು. ಹಾಲಿಗೆ, ಕಾಯಿಪಲ್ಲೆಗೆ, ಎಲ್ಲದಕ್ಕೂ ನನ್ನನ್ನು ಮುಂದೆ ಕೂರಿಸಿಕೊಂಡು ಹೊರಟಳು. ಆಫೀಸಿಗೆ ಮಾತ್ರ ನಾನು ಬಸ್ಸಿಗೆ ಹೋಗಬೇಕಾಯಿತು, ನನ್ನೊಬ್ಬನಿಂದ ಗಾಡಿ ನಡೆಯುತ್ತಿರಲಿಲ್ಲ. ಯಾವ ಗಾಡಿಗಾಗಿ ಇಷ್ಟು ವರ್ಷ ಮಾನ ಕಳೆದುಕೊಂಡೆನೋ ಅದರ ಮೇಲೆ ನಾನೊಂದು ಸಾಮಾನಾಗಿದ್ದೆ. ಕೊನೆಗೆ ಬೇಸತ್ತು ಅವಳಿಗೆ ಹೇಳದೆ ಒಬ್ಬ ಗಿರಾಕಿಯನ್ನು ಮನೆಗೆ ಕರೆಸಿದೆ.

ಗಿರಾಕಿಗೆ ಹ್ಯಾಂಡಲ್ ಬಹಳ ಹಿಡಿಸಿತು. ಗಾಡಿಯ ಮೇಲೆ ಕೂತು, ಎರಡೂ ಕೈ ಮೇಲೆತ್ತಿ, ಬಲಗೈಯ ಹಿಡಿ ತಿರುವಿದ. ಅದು ಬರಿದೇ ತಿರುಗಿತು. ಮತ್ತೆ ತಿರುವಿದ. ಅಷ್ಟರಲ್ಲಿ ಅಡಿಗೆ ಮನೆಯಿಂದ ಹೆಂಡತಿಯ ದನಿ ಕಟ್ಟಡಕ್ಕೆಲ್ಲ ಕೇಳುವಂತೆ ಬಂತು: "ಯಾರ್ರಿ ಅವ್ರು? ಗಾಡಿ ಮಾರೂದಿಲ್ಲ ಅಂತ ಹೇಳ್ರಿ!"

ಗಿರಾಕಿಗೆ ಕನ್ನಡ ಬರುತ್ತಿರಲಿಲ್ಲ. ಇನ್ನೂ ಹಿಡಿ ತಿರುವುತ್ತಲೇ ಇದ್ದ. "ಸಾಹೇಬ, ಹ್ಯಾಚೀ ರೇಸ್ ಕುಠೇ ಆಹೇ?" ಎಂದ. ಇದರ ರೇಸ್ ಎಲ್ಲಿದೆ?

"ಈಗ ಒಳಗಿನಿಂದ ಕೂಗಿತಲ್ಲ," ಎಂದೆ, "ಅದೇ."